ಸಾಕ್ಷಿಯೋ ಅಲಂಕಾರವೋ? ದೈವಶಾಸ್ತ್ರೀಯ ಬರವಣಿಗೆಯಲ್ಲಿ ಉಲ್ಲೇಖಗಳ ಬಳಕೆ: ಒಂದು ವಿಮರ್ಶೆ

ಕನ್ನಡದಲ್ಲಿ ಈಚೆಗೆ ರಚಿತವಾಗುತ್ತಿರುವ ದೈವಶಾಸ್ತ್ರೀಯ ಪ್ರಬಂಧಗಳನ್ನು ಓದುವವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಉಲ್ಲೇಖಗಳು ಹೆಚ್ಚುತ್ತಿವೆ, ಆದರೆ ಆಧಾರಗಳು ಅದೇ ಪ್ರಮಾಣದಲ್ಲಿ ಹೆಚ್ಚುತ್ತಿಲ್ಲ. ಒಂದೇ ಪುಟದಲ್ಲಿ ಪವಿತ್ರಗ್ರಂಥದ ನಾಲ್ಕು ವಾಕ್ಯಗಳು, ಧರ್ಮಸಭೆಯ ಪಿತಾಮಹರೊಬ್ಬರ ಮಾತು, ವ್ಯಾಟಿಕನ್ ವಿಶ್ವಸಭೆಯ ಒಂದು ಪರಿಚ್ಛೇದ, ಕೊನೆಗೊಂದು ವಚನ ಸೇರಿಕೊಂಡಿರುತ್ತವೆ. ಇವಿಷ್ಟನ್ನೂ ತೆಗೆದುಹಾಕಿ ಓದಿದರೆ ಲೇಖಕರ ವಾದವು ಇದ್ದಲ್ಲಿಯೇ ಇರುತ್ತದೆ. ಅದಕ್ಕೆ ಬಲವೂ ಕುಂದುವುದಿಲ್ಲ, ಭಂಗವೂ ಬರುವುದಿಲ್ಲ. ಹಾಗಾದರೆ ಆ ಉಲ್ಲೇಖಗಳು ಅಲ್ಲಿ ಮಾಡುತ್ತಿದ್ದ ಕೆಲಸವೇನು? ಅವು ವಾದವನ್ನು ಅಲಂಕರಿಸುತ್ತಿದ್ದವೇ ಹೊರತು ಅದಕ್ಕೆ ಸಾಕ್ಷಿ ನುಡಿಯುತ್ತಿರಲಿಲ್ಲ ಎಂದೇ ನಾವು ಹೇಳಬೇಕಾಗುತ್ತದೆ.

ಕನ್ನಡದಲ್ಲಿ ‘ಸಾಕ್ಷಿ’ ಎಂಬ ಪದಕ್ಕೆ ವಿಶೇಷವಾದ ವ್ಯಾಪ್ತಿಯಿದೆ. ನ್ಯಾಯಸ್ಥಾನದಲ್ಲಿ ನಿಂತು ಕಂಡದ್ದನ್ನು ಹೇಳುವವನು ಸಾಕ್ಷಿ. ಅಂತರಂಗದಲ್ಲಿ ಸರಿತಪ್ಪುಗಳನ್ನು ನುಡಿಯುವುದು ಮನಸ್ಸಾಕ್ಷಿ. ವಿಶ್ವಾಸಕ್ಕಾಗಿ ಪ್ರಾಣಕೊಟ್ಟವರು ರಕ್ತಸಾಕ್ಷಿಗಳು. ಪ್ರಬಂಧದಲ್ಲಿ ಒಂದು ಗ್ರಂಥದ ಮಾತನ್ನು ಎತ್ತಿ ಬರೆಯುವಾಗಲೂ ನಾವು ಒಬ್ಬ ಸಾಕ್ಷಿಯನ್ನೇ ಕರೆಯುತ್ತೇವೆ. ಅವನು ಸತ್ತು ಸಾವಿರ ವರ್ಷಗಳಾಗಿರಬಹುದು. ತನ್ನ ಮಾತನ್ನು ತಿರುಚಿದರೆ ಎದ್ದು ಬಂದು ಪ್ರತಿಭಟಿಸಲಾರನು. ಆದುದರಿಂದಲೇ ಅವನನ್ನು ಕರೆದವನ ಹೊಣೆ ದೊಡ್ಡದು. ಸಾಕ್ಷಿಯು ಹೇಳಿದಷ್ಟನ್ನೇ ಹೇಳಿಸುವುದು, ಹೇಳಿದ್ದನ್ನು ಮೊಟಕುಗೊಳಿಸದಿರುವುದು, ಅವನ ಮಾತು ನಮಗೆ ಅನನುಕೂಲವಾದಾಗ ಗುಟ್ಟಾಗಿ ತಿದ್ದದಿರುವುದು: ಉಲ್ಲೇಖದ ಶಿಸ್ತೆಂಬುದು ಮುಖ್ಯವಾಗಿ ಇಷ್ಟೇ. ಅಡಿಟಿಪ್ಪಣಿಯ ಅಲ್ಪವಿರಾಮ, ಪೂರ್ಣವಿರಾಮಗಳ ನಿಯಮಗಳೆಲ್ಲ ಇದರ ಅನಂತರದವು. ಈ ಮೂರು ಹೊಣೆಗಳು ನಮ್ಮ ಬರಹಗಳಲ್ಲಿ ಹೇಗೆ ಸಡಿಲವಾಗಿವೆ, ಅವನ್ನು ಬಿಗಿಗೊಳಿಸುವುದು ಗುರುಮಠಗಳಿಗೆ ಏಕೆ ಅಗತ್ಯ ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ. ನಿದರ್ಶನಗಳಲ್ಲಿ ಕೆಲವನ್ನು ನಮ್ಮ ರಾಯಚೂರು ಸೀಮೆಯಿಂದಲೇ ಆಯ್ದುಕೊಂಡಿದ್ದೇವೆ. ಗಿಲ್ಲೆಸುಗೂರು, ಮಾನ್ವಿ, ದೇವದುರ್ಗಗಳ ಕಡೆ ಸೇವೆಗೆ ಹೋಗುವ ಗುರುವಿದ್ಯಾರ್ಥಿಗಳಿಗೆ ಈ ನೆಲವೇ ಒಳ್ಳೆಯ ಪಾಠಶಾಲೆಯಾಗಬಲ್ಲದು.

ಸಾಕ್ಷಿಯು ಹೇಳಿದಷ್ಟು

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಗಳ ಎಂಜಿನಿಯರ್ ಸಿ. ಬೀಡನ್ ಎಂಬುವರು ಅಶೋಕನ ಕಿರು ಬಂಡೆಗಲ್ಲು ಶಾಸನವೊಂದನ್ನು ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿದರು. ಹೈದರಾಬಾದ್ ಪುರಾತತ್ತ್ವ ಮಾಲೆಯ ಮೊದಲನೆಯ ಪ್ರಕಟಣೆಯಾಗಿ ಅದೇ ವರ್ಷ ಅದು ಹೊರಬಂದಿತು. ಆ ಶಾಸನಕ್ಕೆ ಅಷ್ಟು ಮಹತ್ವವೇಕೆ ಬಂದಿತೆಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. 1837ರ ಸುಮಾರಿಗೆ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ಸಿಕ್ಕಿದ್ದು ‘ದೇವಾನಂಪಿಯ’, ‘ಪಿಯದಸಿ’ ಎಂಬ ಬಿರುದುಗಳು ಮಾತ್ರ. ಅವು ಸಿಂಹಳದ ಅರಸನವಿರಬಹುದೆಂದು ಅವರು ಮೊದಲು ಭಾವಿಸಿದ್ದರು. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಅಲ್ಲಿಯ ‘ದೀಪವಂಸ’ದ ಆಧಾರದಿಂದ ಈ ಪಿಯದಸಿಯು ಮೌರ್ಯ ಅಶೋಕನೇ ಎಂದು ತೋರಿಸಿದರು. ವಿದ್ವಾಂಸರು ಅದನ್ನು ಒಪ್ಪಿದರು. ಆದರೂ ಅದು ಅನುಮಾನಪ್ರಮಾಣವೇ ಆಗಿತ್ತು. ಒಂದು ಗ್ರಂಥವನ್ನೂ ಒಂದು ಬಂಡೆಯನ್ನೂ ಜೋಡಿಸಿ ತೆಗೆದ ನಿಷ್ಕರ್ಷೆಯಾಗಿತ್ತು. ಮಸ್ಕಿಯ ಬಂಡೆಯಲ್ಲಿ ದೇವಾನಂಪಿಯ ಎಂಬ ಬಿರುದಿನ ಪಕ್ಕದಲ್ಲಿಯೇ ಅಶೋಕ ಎಂಬ ಹೆಸರು ದೊರೆತಾಗ ಅನುಮಾನಕ್ಕೆ ನೇರ ಸಾಕ್ಷ್ಯ ಒದಗಿತು. ಮುಂದೆ ಮಧ್ಯಪ್ರದೇಶದ ಗುಜರ್ರಾ, ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳಗಳಲ್ಲಿಯೂ ಆ ಹೆಸರು ಕಂಡಿತು. ಇಬ್ಬರು ಮೂವರು ಸಾಕ್ಷಿಗಳ ಮಾತಿನಿಂದ ಸಂಗತಿಯು ಸ್ಥಿರವಾಗಬೇಕೆಂಬ ಧರ್ಮೋಪದೇಶಕಾಂಡದ (19:15) ನಿಯಮವು ಇಲ್ಲಿ ಅಕ್ಷರಶಃ ನೆರವೇರಿದಂತಾಯಿತು.

ಇದರಿಂದ ಎರಡು ಪಾಠಗಳು ಹೊರಡುತ್ತವೆ. ಮೊದಲನೆಯದು, ಅನುಮಾನವನ್ನು ಅನುಮಾನವೆಂದೇ ಹೇಳಿಕೊಳ್ಳುವುದು ವಿದ್ವತ್ತಿಗೆ ಕುಂದಲ್ಲ. 1915ಕ್ಕೆ ಮುಂಚಿನ ವಿದ್ವಾಂಸರ ನಿಷ್ಕರ್ಷೆ ಸರಿಯಾಗಿಯೇ ಇತ್ತು. ಆದರೆ ಅದರ ಆಧಾರ ಯಾವ ಬಗೆಯದೆಂಬುದು ಓದುಗರಿಗೆ ತಿಳಿದಿತ್ತು. ಎರಡನೆಯದು, ಸಾಕ್ಷಿಯ ವ್ಯಾಪ್ತಿಗೆ ಮಿತಿಯಿದೆ. ಮಸ್ಕಿಯ ಶಾಸನವು ಅರಸನ ಹೆಸರನ್ನೂ ಬೌದ್ಧಧರ್ಮದ ಕಡೆಗಿನ ಅವನ ನಿಷ್ಠೆಯನ್ನೂ ತಿಳಿಸುತ್ತದೆ. ಆ ಕಾಲದ ಮಸ್ಕಿಯ ಜನರೆಲ್ಲ ಬೌದ್ಧರಾಗಿದ್ದರೆಂದು ಅದು ಹೇಳುವುದಿಲ್ಲ. ಹಾಗೆಂದು ಬರೆದು ಅಡಿಟಿಪ್ಪಣಿಯಲ್ಲಿ ಶಾಸನವನ್ನು ತೋರಿಸಿದರೆ ಉಲ್ಲೇಖವು ನಿಖರವಾಗಿದ್ದರೂ ಸಾಕ್ಷ್ಯವು ಸುಳ್ಳಾಗುತ್ತದೆ.

ದೈವಶಾಸ್ತ್ರದಲ್ಲಿ ಈ ಮಿತಿಯನ್ನು ಮೀರುವುದು ಬಹಳ ಸುಲಭ. ಅನುವಾದದ ಪದವೊಂದರ ಮೇಲೆ ವಾದ ಕಟ್ಟುವುದು ಅದರ ಒಂದು ಬಗೆ. ಸಂತ ಯೊವಾನ್ನರ ಶುಭಸಂದೇಶದ ಆರಂಭದಲ್ಲಿ ಬರುವ ‘ಲೋಗೋಸ್’ ಎಂಬ ಗ್ರೀಕ್ ಪದವನ್ನು ಕನ್ನಡದ ಹಳೆಯ ಅನುವಾದವು ‘ವಾಕ್ಯ’ ಎಂದಿತು. ವ್ಯಾಕರಣಶಾಸ್ತ್ರದಲ್ಲಿ ವಾಕ್ಯವೆಂದರೆ ಪೂರ್ಣಾರ್ಥವುಳ್ಳ ಪದಸಮೂಹ. ಆದುದರಿಂದ ಕ್ರಿಸ್ತರು ಸೃಷ್ಟಿಯೆಂಬ ಪದಗಳಿಗೆ ಪೂರ್ಣಾರ್ಥ ಕೊಡುವವರು ಎಂದು ಒಬ್ಬರು ಬರೆದಾರು. ಚಿಂತನೆ ಸುಂದರವಾಗಿರಬಹುದು, ಪ್ರಬೋಧನೆಗೂ ಒಗ್ಗಬಹುದು. ಆದರೆ ಅದಕ್ಕೆ ಶುಭಸಂದೇಶಕರ್ತೃವನ್ನು ಸಾಕ್ಷಿಯಾಗಿ ಕರೆಯುವಂತಿಲ್ಲ; ಅಲ್ಲಿ ಸಾಕ್ಷಿಯಾಗಬಲ್ಲವರು ಅನುವಾದಕರು ಮಾತ್ರ. ಯಾವ ಅನುವಾದದಿಂದ ಉಲ್ಲೇಖಿಸಲಾಗಿದೆ ಎಂಬುದನ್ನು ಹೇಳಬೇಕೆಂಬ ನಿಯಮವು ಬರಿಯ ಶಿಷ್ಟಾಚಾರವಲ್ಲವೆಂಬುದಕ್ಕೆ ಇಷ್ಟು ಸಾಕು.

ಮೊಟಕುಗೊಂಡ ಮಾತು

ಪವಿತ್ರಗ್ರಂಥದಲ್ಲಿಯೇ ಉಲ್ಲೇಖದ ದುರುಪಯೋಗಕ್ಕೆ ಸ್ಪಷ್ಟವಾದ ನಿದರ್ಶನವೊಂದಿದೆ. ಅದನ್ನು ಎಸಗುವವನು ಸೈತಾನನು. ಸಂತ ಮತ್ತಾಯರ ಶುಭಸಂದೇಶದ ನಾಲ್ಕನೆಯ ಅಧ್ಯಾಯದಲ್ಲಿ ಅವನು ಯೇಸುಸ್ವಾಮಿಯನ್ನು ದೇವಾಲಯದ ಶಿಖರಕ್ಕೆ ಕರೆದೊಯ್ದು 91ನೆಯ ಕೀರ್ತನೆಯನ್ನು ಉಲ್ಲೇಖಿಸುತ್ತಾನೆ. ಉಲ್ಲೇಖಿಸಿದ ಪದಗಳು ಕೀರ್ತನೆಯಲ್ಲಿ ಇರುವಂಥವೇ. ಆದರೆ ದೇವದೂತರು ಕಾಪಾಡುವುದು ಮನುಷ್ಯನು ನಡೆಯುವ ಎಲ್ಲ ಮಾರ್ಗಗಳಲ್ಲಿ ಎಂಬ ಭಾಗವನ್ನು ಅವನು ಬಿಟ್ಟುಬಿಡುತ್ತಾನೆ. ಶಿಖರದಿಂದ ಧುಮುಕುವುದು ನಡೆಯುವ ಮಾರ್ಗವಲ್ಲವಷ್ಟೆ. ಯೇಸುಸ್ವಾಮಿ ಕೊಡುವ ಉತ್ತರವೂ ಗಮನಾರ್ಹ. ಅವರು ಕೀರ್ತನೆಯನ್ನು ಅಲ್ಲಗಳೆಯುವುದಿಲ್ಲ. ಧರ್ಮೋಪದೇಶಕಾಂಡದ ಮತ್ತೊಂದು ವಾಕ್ಯವನ್ನು ಅದರ ಪಕ್ಕದಲ್ಲಿರಿಸುತ್ತಾರೆ. ಮೊಟಕುಗೊಂಡ ಸಾಕ್ಷ್ಯಕ್ಕೆ ಮದ್ದು ಇಡಿಯ ಗ್ರಂಥದ ಸಾಕ್ಷ್ಯವೇ ಆಗಿದೆ.

ನಮ್ಮ ನಡುವೆ ಹೆಚ್ಚಾಗಿ ಮೊಟಕುಗೊಳ್ಳುವ ವಾಕ್ಯವೆಂದರೆ ಯೆರೆಮೀಯನ ಗ್ರಂಥದ 29:11. ದೇವರು ತನ್ನ ಜನರಿಗಾಗಿ ಹಿತವಾದುದನ್ನೇ ಸಂಕಲ್ಪಿಸಿದ್ದಾರೆಂಬ ಆ ಮಾತು ಗೋಡೆಯ ಫಲಕಗಳ ಮೇಲೆ, ಪರೀಕ್ಷೆಗೆ ಹೋಗುವ ಮಕ್ಕಳಿಗೆ ಕೊಡುವ ಕಾರ್ಡುಗಳ ಮೇಲೆ ಕಾಣುತ್ತದೆ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಪ್ರಬಂಧವೊಂದರಲ್ಲಿ ಶೀಘ್ರ ಸಮೃದ್ಧಿಯ ವಾಗ್ದಾನಕ್ಕೆ ಅದನ್ನು ಆಧಾರವಾಗಿ ತೋರಿಸಿದಾಗ ನಾವು ಸುಮ್ಮನಿರಲಾಗದು. ಅದು ಬಾಬಿಲೋನಿಗೆ ಸೆರೆಯೊಯ್ದವರಿಗೆ ಬರೆದ ಪತ್ರ. ಹಿಂದಿನ ವಾಕ್ಯವೇ (29:10) ಬಿಡುಗಡೆಗೆ ಎಪ್ಪತ್ತು ವರ್ಷಗಳನ್ನು ಗೊತ್ತುಪಡಿಸುತ್ತದೆ; ಪತ್ರವನ್ನು ಕೇಳಿದ ವಯಸ್ಕರಲ್ಲಿ ಬಹುತೇಕರು ಆ ಬಿಡುಗಡೆಯನ್ನು ಕಣ್ಣಾರೆ ಕಾಣುವವರಲ್ಲ. ಅದಕ್ಕೂ ಹಿಂದಿನ ಎರಡು ವಾಕ್ಯಗಳು ಇಷ್ಟವಾದುದನ್ನು ನುಡಿಯುವ ಪ್ರವಾದಿಗಳಿಗೆ ಮರುಳಾಗಬೇಡಿರೆಂದು ಎಚ್ಚರಿಸುತ್ತವೆ. ಆ ಎಚ್ಚರಿಕೆಯ ಪಕ್ಕದಲ್ಲಿರುವ ವಾಕ್ಯವನ್ನೇ ಕಿತ್ತು ತಂದು, ಯಾರ ವಿರುದ್ಧ ಪ್ರವಾದಿಯು ಬರೆದನೋ ಅವರ ಬಾಯಿಗೆ ಅದನ್ನು ಹಾಕುವುದು ಸಾಕ್ಷಿಗೆ ಮಾಡುವ ಅನ್ಯಾಯವೇ ಸರಿ.

ಎರಡನೆಯ ವ್ಯಾಟಿಕನ್ ವಿಶ್ವಸಭೆಯು 1965ರ ನವೆಂಬರ್ 18ರಂದು ಹೊರಡಿಸಿದ ‘ದೇಯಿ ವೆರ್ಬುಮ್’ ಸಂವಿಧಾನದ 12ನೆಯ ಪರಿಚ್ಛೇದವು ಲೇಖಕರ ಉದ್ದೇಶ, ಸಾಹಿತ್ಯಪ್ರಕಾರ, ಇಡಿಯ ಪವಿತ್ರಗ್ರಂಥದ ಏಕತೆ ಇವೆಲ್ಲವನ್ನೂ ಗಮನಿಸಬೇಕೆಂದು ವಿಧಿಸಿದೆ. ಆದರೆ ಆ ಪರಿಚ್ಛೇದವೇ ಎಷ್ಟೋ ಪ್ರಬಂಧಗಳಲ್ಲಿ ಅಲಂಕಾರವಾಗಿ ಉಲ್ಲೇಖಗೊಂಡು, ಮುಂದಿನ ಪುಟದಲ್ಲಿಯೇ ಗಾಳಿಗೆ ತೂರಲ್ಪಡುತ್ತದೆ. ಧರ್ಮಸಭೆಯ ಬೋಧನೆಗಳ ಉಲ್ಲೇಖಕ್ಕೂ ಇದೇ ಮಾತು ಅನ್ವಯಿಸುತ್ತದೆ. ಹೆನ್ರಿಕ್ ಡೆನ್‌ಜಿಂಗರ್ 1854ರಲ್ಲಿ ಮೊದಲು ಪ್ರಕಟಿಸಿದ ಬೋಧನಾಸಂಗ್ರಹವು ಅತ್ಯುಪಯುಕ್ತವಾದ ಕೈಪಿಡಿ. ಅದರ ಸಂಖ್ಯೆಯೊಂದನ್ನು ನಮೂದಿಸಿ, ಆ ವಾಕ್ಯವನ್ನು ಯಾವ ಸಭೆಯು, ಯಾರಿಗೆ ಉತ್ತರವಾಗಿ, ಯಾವ ತೂಕದಿಂದ ಹೇಳಿತೆಂದು ನೋಡದೆ ಬಿಡುವುದನ್ನು ಕಳೆದ ಶತಮಾನದ ದೈವಶಾಸ್ತ್ರಜ್ಞರು ಕಟುವಾಗಿ ಟೀಕಿಸಿದ್ದಾರೆ. ಟ್ರೆಂಟ್ ಸಭೆಯ ನಿಬಂಧನೆಯನ್ನೂ ಜಗದ್ಗುರುಗಳ ಒಂದು ಭಾಷಣವನ್ನೂ ಒಂದೇ ಸಾಲಿನಲ್ಲಿ ಕೂರಿಸುವ ಅಡಿಟಿಪ್ಪಣಿಗಳು ನಮ್ಮಲ್ಲಿ ಇನ್ನೂ ನಿಂತಿಲ್ಲ.

ತಿದ್ದಿದ ಸಾಕ್ಷಿ

ಮೂರನೆಯ ಹೊಣೆಯೇ ಎಲ್ಲಕ್ಕಿಂತ ಕಠಿಣವಾದುದು. ಸಾಕ್ಷಿಯು ನಮಗೆ ಇಷ್ಟವಿಲ್ಲದ್ದನ್ನು ಹೇಳಿದಾಗ, ಅಥವಾ ಸ್ಪಷ್ಟವಾಗಿ ತಪ್ಪನ್ನೇ ಹೇಳಿದಂತೆ ಕಂಡಾಗ, ಏನು ಮಾಡಬೇಕು?

ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನಿಗೂ ಬಿಜಾಪುರದ ಆದಿಲ್ ಶಾಹನಿಗೂ ನಡೆದ ಕಾಳಗವನ್ನು ಪೋರ್ಚುಗೀಸ್ ಬರಹಗಾರ ಫೆರ್ನಾವ್ ನೂನಿಜ್ ವಿವರವಾಗಿ ವರ್ಣಿಸಿದ್ದಾನೆ. ಅವನ ಬರಹವು ಅದನ್ನು 1522ರ ಮೇ ತಿಂಗಳ ಅಮಾವಾಸ್ಯೆಯ ಶನಿವಾರದ ಸಂಗತಿ ಎನ್ನುತ್ತದೆ. 1900ರಲ್ಲಿ ವಿಜಯನಗರದ ಚರಿತ್ರೆಯನ್ನು ಪ್ರಕಟಿಸಿದ ರಾಬರ್ಟ್ ಸ್ಯೂವೆಲ್ ಆ ಬರಹದ ಅನುವಾದವನ್ನೂ ಅದರಲ್ಲಿ ಸೇರಿಸಿದರು. ವಾರ ಮತ್ತು ಚಂದ್ರನ ಸ್ಥಿತಿ 1522ಕ್ಕೆ ಹೊಂದುವುದಿಲ್ಲವೆಂದೂ ಇತರ ಪೋರ್ಚುಗೀಸ್ ಇತಿಹಾಸಕಾರರು ಹೇಳುವ ಸಂಗತಿಗಳು 1520ರ ಕಡೆಗೆ ಬೊಟ್ಟುಮಾಡುತ್ತವೆಂದೂ ಅವರು ಕಂಡುಕೊಂಡರು. ಕಾಳಗದ ದಿನವು 1520ರ ಮೇ 19 ಎಂದು ನಿರ್ಣಯಿಸಿದರು. ಆದರೆ ಅನುವಾದದಲ್ಲಿ ನೂನಿಜ್‌ನ ಇಸವಿಯನ್ನು ಗುಟ್ಟಾಗಿ ತಿದ್ದಲಿಲ್ಲ. ನೂನಿಜ್ ಹೇಳಿದ್ದು ನೂನಿಜ್‌ನ ಬಾಯಲ್ಲಿಯೇ ಉಳಿಯಿತು. ಸ್ಯೂವೆಲ್‌ರ ವಾದವು ಸ್ಯೂವೆಲ್‌ರ ಹೆಸರಿನಲ್ಲಿ ಪ್ರತ್ಯೇಕವಾಗಿ ನಿಂತಿತು. ಆದುದರಿಂದಲೇ ಇಂದಿನ ಓದುಗನು ಎರಡನ್ನೂ ತೂಗಿ ನೋಡಬಲ್ಲನು. ಅವರು ಇಸವಿಯನ್ನು ತಿದ್ದಿಬಿಟ್ಟಿದ್ದರೆ ನಿರ್ಣಯ ಸರಿಯಾಗಿದ್ದರೂ ಅದನ್ನು ಪರಿಶೀಲಿಸುವ ದಾರಿ ಮುಚ್ಚಿಹೋಗುತ್ತಿತ್ತು.

ಇದೇ ಪ್ರಶ್ನೆಯು ಶುಭಸಂದೇಶಗಳ ಹಸ್ತಪ್ರತಿಗಳನ್ನು ನಕಲು ಮಾಡಿದವರಿಗೂ ಎದುರಾಗಿತ್ತು. ಸಂತ ಮಾರ್ಕರು ತಮ್ಮ ಗ್ರಂಥದ ಮೊದಲಲ್ಲಿ (1:2) ಪ್ರವಾದಿ ಯೆಶಾಯನ ಹೆಸರೆತ್ತುತ್ತಾರೆ. ಆದರೆ ಕೂಡಲೇ ಬರುವ ಮಾತು ಮಲಾಕಿಯನ ಗ್ರಂಥಕ್ಕೆ (3:1) ಸೇರಿದ್ದು, ಯೆಶಾಯನ ಮಾತು ಅದರ ಅನಂತರ ಬರುತ್ತದೆ. ವ್ಯಾಟಿಕನ್ ಹಸ್ತಪ್ರತಿ, ಸೀನಾಯ್ ಹಸ್ತಪ್ರತಿಗಳಂಥ ಪ್ರಾಚೀನ ಪ್ರತಿಗಳು ಯೆಶಾಯನ ಹೆಸರನ್ನು ಉಳಿಸಿಕೊಂಡಿವೆ. ಮುಂದಿನ ಕಾಲದ ಬಹಳಷ್ಟು ಪ್ರತಿಗಳು ಹೆಸರನ್ನು ತೆಗೆದು ಪ್ರವಾದಿಗಳು ಎಂಬ ಸಾಮಾನ್ಯ ಪದವನ್ನು ಹಾಕಿವೆ. ತಿದ್ದಿದವರ ಭಕ್ತಿಯನ್ನು ನಾವು ಶಂಕಿಸುವುದಿಲ್ಲ. ಶುಭಸಂದೇಶಕರ್ತೃವಿಗೆ ಅಪವಾದ ಬಾರದಿರಲೆಂದೇ ಅವರು ತಿದ್ದಿರಬೇಕು. ಆದರೆ ಆ ಭಕ್ತಿಯ ಫಲವಾಗಿ ಎಷ್ಟೋ ತಲೆಮಾರುಗಳು ಮಾರ್ಕರು ಬರೆಯದ ಮಾತನ್ನು ಮಾರ್ಕರದೆಂದು ಓದಿದವು.

ಸಂತ ಅಗಸ್ಟೀನರ ಮಾರ್ಗ ಬೇರೆ. ಮತ್ತಾಯ 27:9ರಲ್ಲಿ ಮೂವತ್ತು ಬೆಳ್ಳಿನಾಣ್ಯಗಳ ವಿಷಯವಾದ ಪ್ರವಾದನೆಯನ್ನು ಯೆರೆಮೀಯನದೆಂದು ಹೇಳಲಾಗಿದೆ. ಅದಕ್ಕೆ ಹತ್ತಿರವಾದ ಮಾತು ಇರುವುದು ಜೆಕರ್ಯನ ಗ್ರಂಥದಲ್ಲಿ (11:12–13). ಶುಭಸಂದೇಶಕರ್ತೃಗಳ ಸಾಮರಸ್ಯವನ್ನು ಕುರಿತ ತಮ್ಮ ಕೃತಿಯ ಮೂರನೆಯ ಭಾಗದಲ್ಲಿ ಅಗಸ್ಟೀನರು ಇದನ್ನು ಚರ್ಚಿಸುತ್ತಾರೆ. ಕೆಲವು ಹಸ್ತಪ್ರತಿಗಳಲ್ಲಿ ಯೆರೆಮೀಯನ ಹೆಸರೇ ಇಲ್ಲವೆಂಬುದು ಅವರಿಗೆ ಗೊತ್ತಿತ್ತು. ಆ ಪ್ರತಿಗಳನ್ನು ಹಿಡಿದುಕೊಂಡಿದ್ದರೆ ಸಮಸ್ಯೆಯೇ ಇರುತ್ತಿರಲಿಲ್ಲ. ಆದರೆ ಅವರು ಆ ಸುಲಭದ ದಾರಿಯನ್ನು ಒಲ್ಲೆನೆಂದರು. ಹೆಚ್ಚಿನ ಪ್ರತಿಗಳಲ್ಲಿಯೂ ಪ್ರಾಚೀನವಾದ ಗ್ರೀಕ್ ಪ್ರತಿಗಳಲ್ಲಿಯೂ ಹೆಸರು ಇದೆ. ಇಲ್ಲದ ಹೆಸರನ್ನು ಯಾರಾದರೂ ಸೇರಿಸಲು ಕಾರಣವಿಲ್ಲ, ಇದ್ದ ಹೆಸರನ್ನು ತೊಡಕಿಗೆ ಹೆದರಿ ತೆಗೆಯಲು ಕಾರಣವಿದೆ ಎಂದು ಅವರು ವಾದಿಸಿದರು. ಆಮೇಲೆ ಆ ತೊಡಕಿಗೆ ದೈವಶಾಸ್ತ್ರದಲ್ಲಿಯೇ ಪರಿಹಾರ ಹುಡುಕಿದರು. ಅವರ ಪರಿಹಾರವನ್ನು ಇಂದಿನ ವಿದ್ವಾಂಸರೆಲ್ಲರೂ ಒಪ್ಪಬೇಕಾಗಿಲ್ಲ. ಆದರೆ ಅನನುಕೂಲವಾದ ಪಾಠವನ್ನು ಮೊದಲು ಎದುರಿಟ್ಟುಕೊಂಡು, ಅನಂತರ ಅದರೊಡನೆ ವಾದಿಸುವ ಆ ಕ್ರಮವೇ ಗ್ರಂಥಸಂಪಾದನೆಯ ಪ್ರಧಾನ ಸೂತ್ರಗಳಲ್ಲಿ ಒಂದಾಗಿದೆ. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಓದುವ ಗುರುವಿದ್ಯಾರ್ಥಿಯು ಇಂಥ ವಿವೇಕವು ಪಂಪ ರನ್ನರ ಓಲೆಗರಿಗಳಿಗೂ ಶುಭಸಂದೇಶಗಳ ಚರ್ಮಪಟಗಳಿಗೂ ಸಮಾನವಾಗಿ ಬೇಕೆಂಬುದನ್ನು ಕಾಣುತ್ತಾನೆ.

ಕೇಳಿದ್ದನ್ನು ಕಂಡದ್ದೆನ್ನುವುದು

ಇನ್ನೊಂದು ದೋಷವು ಮೇಲಿನ ಮೂರಕ್ಕೂ ಮೂಲವಾಗಿದೆ. ಮೂಲವನ್ನು ನೋಡದೆ ಮೂಲವನ್ನು ಉಲ್ಲೇಖಿಸುವುದೇ ಆ ದೋಷ. ನಮ್ಮ ಜಿಲ್ಲೆಯ ಮುದಗಲ್ಲಿನ ಪುರಾತನ ದೇವಾಲಯವನ್ನು ಜೆಸ್ವಿತರು 1557ಕ್ಕೂ ಮುಂಚೆ ಕಟ್ಟಿದರೆಂಬ ಮಾತು ಕೈಪಿಡಿಗಳಲ್ಲಿಯೂ ಪ್ರವಾಸಿ ಸಾಹಿತ್ಯದಲ್ಲಿಯೂ ಮತ್ತೆ ಮತ್ತೆ ಬರುತ್ತದೆ. ಆ ವಿಶ್ವಾಸಿಗಳ ಸಮುದಾಯದ ಪ್ರಾಚೀನತೆಯನ್ನು ನಾವು ಗೌರವಿಸುತ್ತೇವೆ. ಅವರ ಪರಂಪರೆಯ ನೆನಪೂ ಒಂದು ಸಾಕ್ಷ್ಯವೇ. ಆದರೆ ಪ್ರಬಂಧಕಾರನು ಬಗೆಬಗೆಯ ಸಾಕ್ಷ್ಯಗಳನ್ನು ಬೇರ್ಪಡಿಸಬೇಕು. ಊರವರ ನೆನಪು ಒಂದು, ಕಟ್ಟಡದ ವಾಸ್ತು ಇನ್ನೊಂದು, ಸಮಕಾಲೀನ ಗುರುಗಳ ಪತ್ರಗಳು ಮತ್ತೊಂದು, ಮುನ್ನೂರು ವರ್ಷಗಳ ಅನಂತರದ ಕೈಪಿಡಿಯು ಬೇರೆಯೇ. ಸಂತ ಫ್ರಾನ್ಸಿಸ್ ಕ್ಸೇವಿಯರರು ಗೋವೆಗೆ ಬಂದದ್ದು 1542ರ ಮೇ ತಿಂಗಳಲ್ಲಿ. ಅಲ್ಲಿಂದ ಹದಿನೈದು ವರ್ಷಗಳೊಳಗೆ, ವಿಜಯನಗರಕ್ಕೂ ಬಿಜಾಪುರಕ್ಕೂ ಪದೇ ಪದೇ ಕೈಬದಲಾಗುತ್ತಿದ್ದ ಕೋಟೆಯೂರಿನಲ್ಲಿ ದೇವಾಲಯವೆದ್ದಿತೆಂಬುದು ದೊಡ್ಡ ಹೇಳಿಕೆ. ದೊಡ್ಡ ಹೇಳಿಕೆಗೆ ತಕ್ಕ ಸಾಕ್ಷಿ ಬೇಕು. ಇಪ್ಪತ್ತು ಪುಸ್ತಕಗಳು ಅದನ್ನೇ ಬರೆದಿವೆಯೆಂಬುದು ಇಪ್ಪತ್ತು ಸಾಕ್ಷಿಗಳಾಗುವುದಿಲ್ಲ. ಹತ್ತೊಂಬತ್ತು ಪುಸ್ತಕಗಳು ಇಪ್ಪತ್ತನೆಯದನ್ನು ನೋಡಿ ಬರೆದಿದ್ದರೆ ಸಾಕ್ಷಿ ಒಬ್ಬನೇ. ಹೀಗಿರುವಲ್ಲಿ ಇಂಥ ಕೈಪಿಡಿಯ ಪ್ರಕಾರ ಎಂದು ಬರೆಯುವುದು ಪ್ರಾಮಾಣಿಕತೆ. ಆ ಮೂರು ಪದಗಳನ್ನು ಬಿಟ್ಟು ಇಸವಿಯನ್ನಷ್ಟೇ ಬರೆದರೆ ಲೇಖಕನು ಕೇಳಿದ್ದನ್ನು ಕಂಡದ್ದೆಂದು ಹೇಳಿದಂತಾಗುತ್ತದೆ.

ಇಂಥ ಅಜಾಗರೂಕತೆಗೆ ಧರ್ಮಪ್ರಚಾರದ ಚರಿತ್ರೆಯೇ ಕಹಿಯಾದ ಪಾಠವೊಂದನ್ನು ಕಲಿಸಿದೆ. ಹದಿನೆಂಟನೆಯ ಶತಮಾನದಲ್ಲಿ ‘ಎಜೂರ್‌ವೇದಂ’ ಎಂಬ ಫ್ರೆಂಚ್ ಗ್ರಂಥವೊಂದು ವೇದದ ಅನುವಾದವೆಂಬ ಹೆಸರಿನಲ್ಲಿ ಯುರೋಪಿಗೆ ಹೋಯಿತು. ಅದು 1760ರಲ್ಲಿ ವೋಲ್ಟೇರನ ಕೈಸೇರಿತು. ಕ್ರೈಸ್ತಧರ್ಮಕ್ಕಿಂತ ಪ್ರಾಚೀನವಾದ ಶುದ್ಧ ಏಕದೇವಾರಾಧನೆ ಭಾರತದಲ್ಲಿತ್ತೆಂಬ ತನ್ನ ವಾದಕ್ಕೆ ಅವನು ಅದನ್ನೇ ಆಧಾರ ಮಾಡಿಕೊಂಡು ಧರ್ಮಸಭೆಯನ್ನು ಹಂಗಿಸಿದನು. 1778ರಲ್ಲಿ ಅದು ಮುದ್ರಣವೂ ಆಯಿತು. ವಾಸ್ತವದಲ್ಲಿ ಅದು ವೇದವಾಗಿರಲಿಲ್ಲ. ಇಲ್ಲಿಯ ಆಚರಣೆಗಳನ್ನು ಖಂಡಿಸಲು ದಕ್ಷಿಣ ಭಾರತದ ಫ್ರೆಂಚ್ ಜೆಸ್ವಿತ ವಲಯದಲ್ಲಿ ಸಂವಾದರೂಪವಾಗಿ ರಚಿತವಾದ ಬರಹವಾಗಿತ್ತು. 1822ರಲ್ಲಿ ಪ್ರಕಟವಾದ ಬರಹದಲ್ಲಿ ಎಫ್.ಡಬ್ಲ್ಯೂ. ಎಲ್ಲಿಸ್ ಅದರ ಮೂಲವನ್ನು ಬಯಲು ಮಾಡಿದರಾದರೂ ಅದರ ಕರ್ತೃತ್ವವನ್ನು ಶತಮಾನಕ್ಕೂ ಹಿಂದೆ ತೀರಿಕೊಂಡಿದ್ದ ರಾಬರ್ಟ್ ದೆ ನೊಬಿಲಿಯವರ ಮೇಲೆ ಹೊರಿಸಿದರು. ಆ ಆರೋಪ ನಿಲ್ಲುವಂಥದ್ದಲ್ಲವೆಂದು ಮುಂದಿನ ವಿದ್ವಾಂಸರು ತೋರಿಸಬೇಕಾಯಿತು. ಹೆಸರು ಮರೆಸಿದ ಒಂದು ಗ್ರಂಥವು ಮೊದಲು ವೈರಿಯ ಕೈಗೆ ಆಯುಧವಾಯಿತು, ಆಮೇಲೆ ನಿರಪರಾಧಿಯೊಬ್ಬರ ಹೆಸರಿಗೆ ಮಸಿಯಾಯಿತು. ಇಂದಿಗೂ ವೇದಗಳಲ್ಲಿ ಕ್ರಿಸ್ತರನ್ನು ಕಾಣಿಸುವ ಕರಪತ್ರಗಳಿಂದ ಸೂಕ್ತದ ಸಂಖ್ಯೆಗಳನ್ನು ಎತ್ತಿಕೊಂಡು, ವೇದಗಳ ಯಾವ ಮುದ್ರಣವನ್ನೂ ತೆರೆಯದೆ ಪ್ರಬಂಧಕ್ಕೆ ಸೇರಿಸುವವರು ಈ ಪ್ರಕರಣವನ್ನು ನೆನೆಯಬೇಕು.

ನೆರೆಯವರ ಮಾತು

ಸಂಸ್ಕೃತೀಕರಣದ ಉತ್ಸಾಹದಲ್ಲಿ ವಚನಗಳನ್ನೂ ದಾಸರ ಪದಗಳನ್ನೂ ಉಲ್ಲೇಖಿಸುವುದು ನಮ್ಮಲ್ಲಿ ಹೆಚ್ಚಿದೆ. ಇದನ್ನು ನಾವು ಸ್ವಾಗತಿಸುತ್ತೇವೆ. ಮಾನ್ವಿಯ ಜಗನ್ನಾಥದಾಸರು, ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು ಹುಟ್ಟಿದ ನೆಲದಲ್ಲಿ ಸೇವೆ ಮಾಡುವ ಗುರುವು ಅವರನ್ನು ಓದದಿರುವುದೇ ಕೊರತೆ. ಆದರೆ ದಾಸರು ಹೇಳಿದಂತೆ ಎಂದಷ್ಟೇ ಬರೆದು, ಯಾವ ದಾಸರು ಎಂಬುದನ್ನು ಹೇಳದೆ ಬಿಡುವ ಪ್ರಬಂಧಗಳನ್ನು ಏನೆನ್ನೋಣ? ದಾಸರಾದರೋ ತಮ್ಮ ಪದಗಳ ಕೊನೆಯಲ್ಲಿ ಅಂಕಿತವನ್ನು ಬಿಟ್ಟುಹೋಗಿದ್ದಾರೆ. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂಬ ಮುದ್ರೆಗಳು ಮಾತಿಗೆ ಹೊಣೆಗಾರರು ಯಾರೆಂಬುದನ್ನು ಸಾರುತ್ತವೆ. ಶರಣರ ವಚನಗಳಿಗೂ ಇದೇ ಪದ್ಧತಿಯುಂಟು. ಆಕರವನ್ನು ಹೇಳುವ ಸಂಸ್ಕೃತಿಯು ಪಶ್ಚಿಮದ ವಿಶ್ವವಿದ್ಯಾನಿಲಯಗಳಿಂದ ಬಂದ ಹೊರೆಯೆಂದು ಗೊಣಗುವವರಿಗೆ ಅಂಕಿತಗಳೇ ಉತ್ತರ. ಕರ್ನಾಟಕ ಸರ್ಕಾರವು ‘ಸಮಗ್ರ ವಚನ ಸಂಪುಟ’ದ ಹದಿನೈದು ಸಂಪುಟಗಳಲ್ಲಿ ವಚನಗಳನ್ನು ಸಂಖ್ಯೆ ಸಹಿತ ಮುದ್ರಿಸಿರುವಾಗ, ಕೇಳಿದ ನೆನಪಿನಿಂದ ವಚನವನ್ನು ಬರೆದು ಬಸವಣ್ಣನವರ ಹೆಸರು ಹಾಕುವುದಕ್ಕೆ ಯಾವ ಸಮರ್ಥನೆಯೂ ಉಳಿಯುವುದಿಲ್ಲ.

ಹೆಸರನ್ನು ಸರಿಯಾಗಿ ಹೇಳಿದ ಮೇಲೂ ಮೊದಲ ಹೊಣೆ ಉಳಿದೇ ಇರುತ್ತದೆ. ಜಗನ್ನಾಥದಾಸರ ‘ಹರಿಕಥಾಮೃತಸಾರ’ದಲ್ಲಿ ಭಗವಂತನ ಕಾರುಣ್ಯವನ್ನು ಕುರಿತ ಭಾಗವೊಂದನ್ನು ಓದಿ, ಇದು ಸಂತ ಪೌಲರ ಕೃಪೆಯ ಬೋಧನೆಯೇ ಎಂದು ತೀರ್ಮಾನಿಸುವುದು ಸುಲಭ. ಆ ಕೃತಿಯಾದರೋ ಮಧ್ವಸಿದ್ಧಾಂತದ ಗ್ರಂಥ. ಅಲ್ಲಿ ಜೀವರಲ್ಲಿ ತಾರತಮ್ಯವಿದೆ, ಜೀವೇಶ್ವರರ ಭೇದ ನಿತ್ಯವಾದುದು. ಕಾರುಣ್ಯದ ಮಾತು ಆ ಚೌಕಟ್ಟಿನೊಳಗೆ ಅರ್ಥ ಪಡೆಯುತ್ತದೆ. ಹೋಲಿಕೆಯನ್ನು ತೋರಿಸುವವರು ವ್ಯತ್ಯಾಸವನ್ನೂ ತೋರಿಸಬೇಕು. ನಮ್ಮ ಧರ್ಮಗ್ರಂಥದ ಅರ್ಧ ವಾಕ್ಯವನ್ನು ಕಿತ್ತು ಇತರರು ತಮ್ಮ ವಾದಕ್ಕೆ ಬಳಸಿದಾಗ ನಾವು ನೊಂದುಕೊಳ್ಳುತ್ತೇವೆ. ನೆರೆಯವರನ್ನು ನಿನ್ನಂತೆಯೇ ಪ್ರೀತಿಸೆಂಬ ಆಜ್ಞೆಯು ಅವರ ಗ್ರಂಥಗಳನ್ನು ಓದುವ ಕ್ರಮಕ್ಕೂ ಅನ್ವಯಿಸುತ್ತದೆ.

ಈ ವಿಷಯದಲ್ಲಿ ಅನುಸರಿಸಬಹುದಾದ ಮೇಲ್ಪಂಕ್ತಿಯೊಂದು ಕನ್ನಡದಲ್ಲಿಯೇ ಇದೆ. ಬಾಸೆಲ್ ಮಿಶನ್ನಿನ ಫರ್ಡಿನೆಂಡ್ ಕಿಟೆಲ್ಲರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ಕನ್ನಡ–ಇಂಗ್ಲಿಷ್ ನಿಘಂಟನ್ನು ತೆರೆದರೆ ಪದಗಳ ಪಕ್ಕದಲ್ಲಿ ಅವು ದೊರೆತ ಕಾವ್ಯ, ವ್ಯಾಕರಣಗ್ರಂಥ, ಕೋಶಗಳ ಸಂಕ್ಷೇಪಾಕ್ಷರಗಳು ಕಾಣುತ್ತವೆ; ಜನರ ಬಾಯಿಂದ ಕೇಳಿದ ಪದಗಳಿಗೆ ಬೇರೆ ಗುರುತುಗಳಿವೆ, ಅರ್ಥವನ್ನು ಸ್ಥಿರಪಡಿಸಲು ಗಾದೆಗಳಿವೆ. ವಿದೇಶೀ ಪಾದ್ರಿಯೊಬ್ಬರ ಮಾತನ್ನು ಕನ್ನಡಿಗರು ನಂಬಲಿ ಎಂದು ಅವರು ಕೇಳಿಕೊಳ್ಳಲಿಲ್ಲ. ಜೈನ, ವೀರಶೈವ, ಬ್ರಾಹ್ಮಣ ಕವಿಗಳನ್ನೇ ಸಾಕ್ಷಿಗಳಾಗಿ ನಿಲ್ಲಿಸಿದರು. ಅವರ ಧರ್ಮವನ್ನು ಒಪ್ಪದ ವಿದ್ವಾಂಸರೂ ಅವರ ಕೋಶವನ್ನು ಇಂದಿಗೂ ಕೈಗೆತ್ತಿಕೊಳ್ಳುವುದು ಈ ಕಾರಣದಿಂದಲೇ.

ಎರಡು ಆಕ್ಷೇಪಗಳು

ಇಷ್ಟಕ್ಕೆ ಎರಡು ಆಕ್ಷೇಪಗಳು ಬರಬಹುದು. ಶುಭಸಂದೇಶಕರ್ತೃಗಳೂ ಸಂತ ಪೌಲರೂ ಹಳೆಯ ಒಡಂಬಡಿಕೆಯನ್ನು ಸ್ವತಂತ್ರವಾಗಿ ಉಲ್ಲೇಖಿಸುತ್ತಾರಲ್ಲವೇ, ನಮಗೇಕೆ ಈ ಕಟ್ಟುನಿಟ್ಟು ಎಂಬುದು ಮೊದಲನೆಯದು. ಅವರು ಉಲ್ಲೇಖಿಸಿದ್ದು ಆ ಗ್ರಂಥಗಳನ್ನು ಬಾಯಿಪಾಠವಾಗಿ ಬಲ್ಲ ಸಮುದಾಯದ ಮುಂದೆ. ಒಂದು ಪದ ಕೇಳಿದರೆ ಇಡಿಯ ಭಾಗ ಕೇಳುಗರ ನೆನಪಿಗೆ ಬರುತ್ತಿತ್ತು. ಅಲ್ಲದೆ ಅವರು ಬರೆದದ್ದು ಪವಿತ್ರಾತ್ಮ ಪ್ರೇರಣೆಯಿಂದ ಪ್ರೇಷಿತರ ಸಾಕ್ಷ್ಯವಾಗಿ. ಪದವಿಗಾಗಿ ಸಲ್ಲಿಸುವ ಪ್ರೌಢಪ್ರಬಂಧಕ್ಕೆ ಆ ಅಧಿಕಾರವಿಲ್ಲ. ಆದರೂ ಸಂತ ಲೂಕರು ತಮ್ಮ ಗ್ರಂಥದ ಮೊದಲ ನಾಲ್ಕು ವಾಕ್ಯಗಳಲ್ಲಿ ತಮಗಿಂತ ಮುಂಚೆ ಬರೆದವರನ್ನೂ ಕಣ್ಣಾರೆ ಕಂಡವರನ್ನೂ ನೆನೆದು, ತಾವು ಎಲ್ಲವನ್ನೂ ಮೊದಲಿನಿಂದ ವಿಚಾರಿಸಿದುದಾಗಿ ತಿಳಿಸುತ್ತಾರೆ.

ಪ್ರಬೋಧನೆ ಕೇಳುವ ಜನರಿಗೆ ಅಡಿಟಿಪ್ಪಣಿ ಬೇಕಿಲ್ಲ ಎಂಬುದು ಎರಡನೆಯ ಆಕ್ಷೇಪ. ಪೀಠದ ಮೇಲೆ ನಿಂತು ಪುಟಸಂಖ್ಯೆ ಹೇಳಬೇಕೆಂದು ನಾವೂ ಹೇಳುವುದಿಲ್ಲ. ಆದರೆ 2011ರ ಜನಗಣತಿಯ ಪ್ರಕಾರ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇಕಡ 60ರ ಆಸುಪಾಸಿನಲ್ಲಿತ್ತು. ಬಲಿಪೂಜೆಗೆ ಬಂದು ಕುಳಿತವರಲ್ಲಿ ಎಷ್ಟೋ ಮಂದಿ ಗ್ರಂಥವನ್ನು ತಾವೇ ತೆರೆದು ಗುರುಗಳ ಮಾತನ್ನು ಪರೀಕ್ಷಿಸಲಾರರು. ಪ್ರಬಂಧದ ಪರೀಕ್ಷಕರು ಅಡಿಟಿಪ್ಪಣಿಯನ್ನು ತೆರೆದು ನೋಡಬಲ್ಲರು. ಈ ಜನರಿಗೆ ಆ ಅನುಕೂಲವಿಲ್ಲ, ಅವರಿಗಿರುವುದು ಗುರುವಿನ ಮೇಲಿನ ನಂಬಿಕೆ ಮಾತ್ರ. ಪರೀಕ್ಷಿಸಬಲ್ಲವರ ಮುಂದೆ ಪ್ರಾಮಾಣಿಕನಾಗಿರಲು ಕಲಿಯದವನು ಪರೀಕ್ಷಿಸಲಾರದವರ ಮುಂದೆ ಪ್ರಾಮಾಣಿಕನಾಗಿರುವನೆಂದು ಯಾವ ಭರವಸೆ? ಗುರುಮಠದಲ್ಲಿ ಉಲ್ಲೇಖದ ಶಿಸ್ತನ್ನು ಕಲಿಸುವುದು ಈ ಕಾರಣಕ್ಕಾಗಿ ಗುರುತ್ವದ ಸಿದ್ಧತೆಯ ಭಾಗವೇ ಆಗಿದೆ.

ಯೋಬನು ತನ್ನ ಗೆಳೆಯರನ್ನು ಕೇಳಿದ ಪ್ರಶ್ನೆಯೊಂದು (13:7–10) ದೈವಶಾಸ್ತ್ರಜ್ಞರನ್ನು ಉದ್ದೇಶಿಸಿಯೇ ಕೇಳಿದಂತಿದೆ. ದೇವರ ಪರವಾಗಿ ವಾದಿಸುವ ಭರದಲ್ಲಿ ನೀವು ಸುಳ್ಳಾಡುವಿರಾ, ಅವರಿಗೆ ಪಕ್ಷಪಾತ ತೋರುವಿರಾ ಎಂದು ಕೇಳಿ, ಹಾಗೆ ಮಾಡಿದರೆ ದೇವರೇ ನಿಮ್ಮನ್ನು ಗದರಿಸುವರೆಂದು ಅವನು ಎಚ್ಚರಿಸುತ್ತಾನೆ. ಯೊವಾನ್ನರ ಮೊದಲನೆಯ ಪತ್ರದ 5:7ರಲ್ಲಿ ತ್ರೈಏಕತ್ವವನ್ನು ಸ್ಪಷ್ಟವಾಗಿ ಹೇಳುವ ಮಾತೊಂದು ಹಳೆಯ ಮುದ್ರಣಗಳಲ್ಲಿತ್ತು. ಪ್ರಾಚೀನ ಗ್ರೀಕ್ ಪ್ರತಿಗಳಲ್ಲಿ ಅದಿಲ್ಲವೆಂದು ಎರಾಸ್ಮಸ್ 1516 ಮತ್ತು 1519ರ ಆವೃತ್ತಿಗಳಲ್ಲಿ ಅದನ್ನು ಬಿಟ್ಟನು, 1522ರಲ್ಲಿ ಸೇರಿಸಿದನು. 1979ರಲ್ಲಿ ಧರ್ಮಸಭೆಯೇ ಪ್ರಕಟಿಸಿದ ‘ನೋವಾ ವುಲ್ಗಾತಾ’ ಅದನ್ನು ಮೂಲಪಾಠದಲ್ಲಿ ಇರಿಸಲಿಲ್ಲ. ಇದರಿಂದ ತ್ರೈಏಕ ದೇವರಲ್ಲಿ ನಮಗಿರುವ ವಿಶ್ವಾಸವು ಎಳ್ಳಷ್ಟೂ ಕುಂದಲಿಲ್ಲ. ಸತ್ಯಸ್ವರೂಪರಾದ ದೇವರಿಗೆ ನಮ್ಮ ಸುಳ್ಳುಸಾಕ್ಷಿಯ ಅಗತ್ಯವಿಲ್ಲವೆಂಬುದನ್ನು ಧರ್ಮಸಭೆಯು ಇಲ್ಲಿ ನಡೆದು ತೋರಿಸಿದೆ.

ಗುರುಮಠಗಳ ಅಧ್ಯಾಪಕರಲ್ಲಿ ನಮ್ಮ ವಿನಂತಿ ಚಿಕ್ಕದು. ಪ್ರಬಂಧವೊಂದು ಕೈಗೆ ಬಂದಾಗ ಅದರ ಅಡಿಟಿಪ್ಪಣಿಗಳಲ್ಲಿ ಮೂರನ್ನು ಆರಿಸಿ, ವಿದ್ಯಾರ್ಥಿಯನ್ನು ಗ್ರಂಥಾಲಯಕ್ಕೆ ಕರೆದೊಯ್ದು, ಆ ಗ್ರಂಥಗಳನ್ನು ಅವನಿಂದಲೇ ತೆರೆಸಿರಿ. ಉಲ್ಲೇಖಿಸಿದ ಭಾಗದ ಹಿಂದಿನ ಪುಟವನ್ನೂ ಮುಂದಿನ ಪುಟವನ್ನೂ ಅವನು ಗಟ್ಟಿಯಾಗಿ ಓದಲಿ. ಗ್ರಂಥವು ದೊರೆಯದಿದ್ದರೆ, ತಾನು ಯಾವ ಪುಸ್ತಕದ ಮೂಲಕ ಆ ಮಾತನ್ನು ಕಂಡನೆಂಬುದನ್ನು ಅಲ್ಲಿಯೇ ಅಡಿಟಿಪ್ಪಣಿಯಲ್ಲಿ ಬರೆಯಲಿ. ಇದಕ್ಕೆ ಬೇಕಾಗುವುದು ಒಂದು ಗಂಟೆ. ಅಂಕಗಳನ್ನು ಅದಾದ ಮೇಲೆ ಹಾಕಬಹುದು.